ದರ ನೋಡಲು ಬಂದವನು

"ಸಾರ್, ಒಂದ್ನಿಮಿಷ! ನಿನ್ನೆ ಬಿಸ್ಕತ್ತು ಇಲ್ಲೇ ಬಿಟ್ಟು ಹೋದ್ರಲ್ಲ," ಎನ್ನುತ್ತ ಬಿಲ್ಲು ಹಾಕುವ ಹುಡುಗಿ ಕೌಂಟರಿನ ಕೆಳಗಿನಿಂದ ಒಂದು ಚಿಕ್ಕ ಪೊಟ್ಟಣ ತೆಗೆದು ಅವನ ಕೈಗಿತ್ತಳು. ಅವನು ಆಗಷ್ಟೇ ಬಾಗಿಲು ದಾಟಿ ಒಳಗೆ ಕಾಲಿಟ್ಟಿದ್ದ. ಪೊಟ್ಟಣದ ಮೇಲೆ ಬೊಚ್ಚುಬಾಯಿ ಬಿಟ್ಟು ನಗುವ ಮಗುವಿನ ಚಿತ್ರವಿತ್ತು.

"ಹೂಂ, ಮರೆತೇಹೋಯ್ತು ನೋಡಿ," ಎಂದು ಅದನ್ನು ಜೇಬಿಗೆ ಇಳಿಸಿದ.

ಅವನು ಈ ಊರಿಗೆ ಬಂದದ್ದು ಅಂದು ಬೆಳಿಗ್ಗೆ. ಅದಕ್ಕೂ ಮುಂಚೆ ಈ ಕಡೆಗೆ ತಲೆ ಹಾಕಿಯೂ ಮಲಗಿದವನಲ್ಲ.

ಆದರೂ ಹೂಂ ಅಂದ, ಯಾಕೆಂದರೆ ಹೂಂ ಅನ್ನುವುದು ಅವನ ಕೆಲಸದ ಒಂದು ಭಾಗ. ಅವನಿದ್ದ ಕಂಪನಿಗೆ ಹತ್ತಾರು ಊರುಗಳಲ್ಲಿ ದಿನಸಿ ಅಂಗಡಿಗಳು. ಊರೂರು ಸುತ್ತಿ, ಎದುರಾಳಿ ಅಂಗಡಿಗಳಿಗೆ ಗಿರಾಕಿಯ ಹಾಗೆ ಹೊಕ್ಕು, ಅಕ್ಕಿ ಎಷ್ಟು, ಸಕ್ಕರೆ ಎಷ್ಟು, ಯಾವುದಕ್ಕೆ ರಿಯಾಯಿತಿ ಇಟ್ಟಿದ್ದಾರೆ ಎಂದು ನೋಡಿಕೊಂಡು ಬರುವುದು ಅವನ ಪಾಲಿಗೆ ಬಂದಿತ್ತು. ಬಂದರಿನ ಕಡೆ ಎಣ್ಣೆ ಅಗ್ಗ, ಬಯಲಿನಲ್ಲಿ ಬೇಳೆ ಅಗ್ಗ, ಬೆಟ್ಟದ ಊರುಗಳಲ್ಲಿ ಉಪ್ಪಿನಿಂದ ಹಿಡಿದು ಎಲ್ಲವೂ ತುಟ್ಟಿ. ಒಂದೇ ಆಲೂಗಡ್ಡೆ ನದಿ ದಾಟಿದ ಕೂಡಲೇ ಹೇಗೆ ದೊಡ್ಡಮನುಷ್ಯನಾಗಿಬಿಡುತ್ತದೆ ಎಂಬುದನ್ನು ಅವನು ಬೇಕಾದರೆ ಗಂಟೆಗಟ್ಟಲೆ ಹೇಳಬಲ್ಲ, ಕೇಳುವವರು ಸಿಕ್ಕಬೇಕಷ್ಟೆ.

ಈ ಕೆಲಸ ಕಲಿಸಿಕೊಟ್ಟ ಹಿರಿಯ ಈಗ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದಾನೆ. ಅವನು ಮೊದಲ ದಿನವೇ ಹೇಳಿದ್ದ: "ಯಾರು ಏನಂತ ತಿಳ್ಕೊಂಡ್ರೂ ಹೂಂ ಅಂದ್ಬಿಡು. ಅಲ್ಲ ಅಂದ್ಯೋ, ಮತ್ತೆ ನೀನ್ಯಾರು ಅಂತ ಕೇಳ್ತಾರೆ. ಅಲ್ಲಿಗೆ ನಿನ್ನ ಆಟ ಮುಗೀತು." ಶಿಷ್ಯನ ಮುಖವೂ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ನೋಡಿದವರು ಬೆನ್ನು ತಿರುಗಿಸುವಷ್ಟರಲ್ಲಿ ಮರೆತುಬಿಡುವಂಥ ಮುಖ. ಮದುವೆಯ ಮಾರನೆಯ ದಿನ ಹೆಂಡತಿಯ ಸೋದರಮಾವ ಅವನನ್ನೇ ನಿಲ್ಲಿಸಿ, "ಅಳಿಯಂದಿರು ಎದ್ರಾ, ಸ್ವಲ್ಪ ನೋಡ್ಕೊಂಡು ಬಾರಪ್ಪಾ," ಎಂದಿದ್ದ. ಅವನು ಆಗಲೂ ಹೂಂ ಎಂದು ಒಳಗೆ ಹೋಗಿ ಒಂದು ಸುತ್ತು ಹಾಕಿ ಬಂದಿದ್ದ. ಹೆಂಡತಿ ಅದನ್ನು ನೆನೆಸಿಕೊಂಡು ವರ್ಷಗಟ್ಟಲೆ ನಕ್ಕಿದ್ದಳು.

ಇಂಥ ಮುಖವನ್ನು ಇವತ್ತು ಈ ಅಂಗಡಿಯಲ್ಲಿ ಗುರುತು ಹಿಡಿಯುತ್ತಿದ್ದರು. ಸರಿ, ಯಾರೋ ನನ್ನ ಹಾಗೇ ಇರುವವನಿರಬೇಕು ಎಂದುಕೊಂಡು ಅವನು ಕೈಬುಟ್ಟಿ ಹಿಡಿದು ಒಳಗೆ ನಡೆದ. ಅಂದು ಅರ್ಧ ಬೆಲೆಯ ಮಾರಾಟ. ಕೆಂಪು ಚೀಟಿಗಳು ಕಪಾಟು ಕಪಾಟಿಗೂ ತೂಗಾಡುತ್ತಿದ್ದವು. ಎಣ್ಣೆಯ ಸಾಲಿನಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಡಬ್ಬಿಗಳನ್ನು ಎತ್ತಿಕೊಳ್ಳುತ್ತಿದ್ದರು. ಸಕ್ಕರೆ ಅವನೂರಿಗಿಂತ ಅಗ್ಗ. ಗೋಧಿಹಿಟ್ಟು ಅಲ್ಲಿಗೂ ಇಲ್ಲಿಗೂ ಒಂದೇ. ಅಕ್ಕಿಯ ಮೇಲೆ ದೊಡ್ಡ ಅಕ್ಷರದಲ್ಲಿ ರಿಯಾಯಿತಿ ಅಂತ ಬರೆದು, ಚೀಲವನ್ನೇ ಚಿಕ್ಕದು ಮಾಡಿದ್ದರು. ಕಳ್ಳರು, ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ. ಅವನ ಕಂಪನಿಯೂ ಅದನ್ನೇ ಮಾಡುತ್ತಿತ್ತು.

ತರಕಾರಿ ತೂಗುವ ಹೆಂಗಸು ದಪ್ಪ ಕನ್ನಡಕದ ಮುದುಕಿ. ಈರುಳ್ಳಿಯ ಬೆಲೆ ನೋಡಲು ಬಗ್ಗಿದವನನ್ನು ಕಂಡು ತಕ್ಕಡಿ ಬಿಟ್ಟು ಈಚೆಗೆ ಬಂದಳು.

"ಜ್ವರ ಬಿಡ್ತೇನಪ್ಪಾ ಮಗೂಗೆ?"

ಅವನು ಬಗ್ಗಿದಲ್ಲಿಂದ ಎದ್ದು ನಿಂತ. "ಹೂಂ," ಎಂದ. "ಬಿಟ್ಟಿದೆ."

"ಹಲ್ಲು ಬರೋ ಹೊತ್ತಿಗೆ ಹಂಗೇ ಅದು. ಹೆದರ್ಕೋಬೇಡಿ. ವರ್ಷ ತುಂಬ್ತಲ್ವಾ?"

"ಈ ತಿಂಗಳು," ಎಂದುಬಿಟ್ಟ. ಹೇಳಿದ ಮೇಲೆ ಕೈಬುಟ್ಟಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು.

ಅದು ಸುಳ್ಳಲ್ಲ. ಅವನ ಮಗಳು ಇದ್ದಿದ್ದರೆ ಈ ತಿಂಗಳಿಗೆ ವರ್ಷ ತುಂಬುತ್ತಿತ್ತು. ಆಸ್ಪತ್ರೆಯಲ್ಲಿ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಕೆಲವು ದಿನವಿದ್ದು, ಅಲ್ಲಿಂದಲೇ ಹೊರಟುಹೋದಳು. ಮನೆಗೆ ಬರಲೇ ಇಲ್ಲ. ಅವನಾಗಲಿ ಹೆಂಡತಿಯಾಗಲಿ ಒಂದು ಸಲವೂ ಆ ಮಗುವನ್ನು ಎತ್ತಿಕೊಂಡಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯಬಾರದು ಎಂದಿದ್ದರು. ಹೆಂಡತಿ ಅತ್ತದ್ದು ಕಡಿಮೆ. ಆದರೆ ಅಂದಿನಿಂದ ಅವನು ಯಾವ ಊರಿಗೆ ಹೋದರೂ ಸಂಜೆ ಫೋನು ಮಾಡಿ, ಊಟವಾಯಿತೇ ಎಂದು ಕೇಳುವಷ್ಟೇ ಸಲೀಸಾಗಿ, "ಅಲ್ಲಿ ಮಕ್ಕಳ ಹಾಲಿನ ಪುಡಿ ಎಷ್ಟು?" ಎನ್ನುತ್ತಿದ್ದಳು. ಅವನು ಹೇಳುತ್ತಿದ್ದ. "ನಮ್ಮ ಕಡೆಗಿಂತ ಜಾಸ್ತಿ," ಎಂದೋ, "ಪರವಾಗಿಲ್ಲ," ಎಂದೋ ಅವಳು ಹೇಳುತ್ತಿದ್ದಳು. ತಂದುಬಿಡಿ ಎಂದು ಅವಳೂ ಹೇಳಲಿಲ್ಲ, ಯಾಕೆ ಎಂದು ಅವನೂ ಕೇಳಲಿಲ್ಲ. ಅವಳಿಗೆ ತಲೆ ಕೆಡುತ್ತಿದೆಯೇನೋ ಎಂಬ ಭಯ ಅವನಿಗಿತ್ತು. ಕೇಳುವುದನ್ನು ನಿಲ್ಲಿಸಿಬಿಟ್ಟರೆ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಇಲ್ಲಿಂದ ಹೊರಟುಬಿಡಬೇಕು ಅನ್ನಿಸಿತು. ಬಾಗಿಲ ಕಡೆ ನೋಡಿದರೆ ಮಾರಾಟದ ಸುದ್ದಿ ಕೇಳಿ ಬಂದವರ ನೂಕುನುಗ್ಗಲು. ಮೂಲೆಯಲ್ಲಿ, ಕಳ್ಳರನ್ನು ಕಾಯಲು ತೂಗುಹಾಕಿದ ಉಬ್ಬುಗನ್ನಡಿಯಲ್ಲಿ ಇಡೀ ಅಂಗಡಿ ಬಾಗಿ ಕಾಣುತ್ತಿತ್ತು. ಅದರ ನಡುವೆ ಕೈಬುಟ್ಟಿ ಹಿಡಿದು ನಿಂತವನೊಬ್ಬನನ್ನು ಅವನು ಸ್ವಲ್ಪ ಹೊತ್ತು ನೋಡಿದ. ಮಗುವಿಗೆ ಏನೋ ಕೊಳ್ಳಲು ಬಂದ ಗೃಹಸ್ಥನ ಹಾಗಿದ್ದ. ಸಂಸಾರಸ್ಥ, ಸುಖವಾಗಿದ್ದಾನೆ. ಅದು ತಾನೇ ಎಂದು ಗೊತ್ತಾಗಲು ಅವನು ಕೈ ಎತ್ತಿ ತಲೆ ಕೆರೆದುಕೊಳ್ಳಬೇಕಾಯಿತು.

ಹಾಲಿನ ಪುಡಿಯ ಕಪಾಟು ಅಂಗಡಿಯ ಹಿಂಭಾಗದಲ್ಲಿತ್ತು. ಅಲ್ಲಿ ಯಾರೂ ಇರಲಿಲ್ಲ. ಅದಕ್ಕೆ ರಿಯಾಯಿತಿ ಇರಲಿಲ್ಲ. ಸಂಜೆಗೆ ಹೇಳಬೇಕಲ್ಲ ಎಂದು ಕೈಬುಟ್ಟಿ ಕೆಳಗಿಟ್ಟು, ಬೆಲೆ ನೋಡಲು ಡಬ್ಬಿಯೊಂದನ್ನು ಎತ್ತಿಕೊಂಡ. ಅಷ್ಟರಲ್ಲಿ ಮುಂದಿನ ಕೌಂಟರಿನಿಂದ ಬಿಲ್ಲಿನ ಹುಡುಗಿ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು: "ಅಕ್ಕಾ, ನಿಮ್ಮನೆಯವ್ರು ಆಗ್ಲೇ ಒಳಗಿದಾರೆ! ಹಾಲಿನ ಪುಡಿ ಹತ್ರ!"

ಚಪ್ಪಲಿಯ ಸಪ್ಪಳ ಬಿರಬಿರನೆ ಹತ್ತಿರ ಬಂತು. ತಿರುಗಿ ನೋಡಬೇಕೆಂದರೂ ಅವನ ಕುತ್ತಿಗೆ ತಿರುಗಲಿಲ್ಲ.

"ಬಸ್ ಸ್ಟಾಪಲ್ಲಿ ಕಾಯ್ತೀನಿ ಅಂದೋರು ಇಲ್ಲಿದೀರಾ? ಹಿಡ್ಕೊಳ್ಳಿ ಇವಳನ್ನ, ಹಿಡ್ಕೊಳ್ಳಿ. ಎಣ್ಣೆ ಮುಗಿದೇಹೋಗತ್ತೆ." ಹಿಂದಿನಿಂದ ಎರಡು ಕೈಗಳು ಬಂದು ಅವನ ಹೆಗಲ ಮೇಲೆ ಬೆಚ್ಚಗಿನದೇನನ್ನೋ ಒರಗಿಸಿದವು. ಅವನ ತೋಳು ತಾನಾಗಿ ಮೇಲೆದ್ದು ಅದನ್ನು ತಬ್ಬಿಕೊಂಡಿತು. ಹೆಂಗಸು ಆಗಲೇ ಅರ್ಧ ಸಾಲು ದಾಟಿದ್ದಳು. ಸೆರಗು ಸಿಕ್ಕಿಸಿಕೊಂಡು ಗುಂಪಿನೊಳಗೆ ನುಗ್ಗುತ್ತಿದ್ದ ಅವಳ ಬೆನ್ನು ಮಾತ್ರ ಕಾಣಿಸಿತು.

ಕರೆಯಬೇಕಿತ್ತು. ಒಂದೇ ಒಂದು ಮಾತು: ಅಮ್ಮಾ, ನಾನಲ್ಲ. ಬಾಯಿ ತೆರೆದ. ಇಷ್ಟು ವರ್ಷ ಹೂಂ ಅಂದು ಅಂದು ಇನ್ನೊಂದು ಮಾತು ಅವನ ನಾಲಿಗೆಯಲ್ಲಿ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಹೇಳುವ ಮನಸ್ಸೂ ಇರಲಿಲ್ಲ.

ಮಗು ಅಳಲಿಲ್ಲ. ತಲೆ ಹಿಂದಕ್ಕೆ ಮಾಡಿ ಅವನನ್ನು ನೋಡಿತು. ಕಣ್ಣಿಗೆಷ್ಟು, ಮೂಗಿಗೆಷ್ಟು, ಗಲ್ಲಕ್ಕೆಷ್ಟು ಅಂತ ತೂಗಿ ನೋಡುವ ಹಾಗೆ ನಿಧಾನವಾಗಿ ನೋಡಿತು. ದೊಡ್ಡವರು ಯಾರೂ ಅವನನ್ನು ಅಷ್ಟು ಹೊತ್ತು ನೋಡಿದ್ದಿಲ್ಲ. ಇದಕ್ಕೆ ಗೊತ್ತಾಗಿಹೋಯಿತು, ಈಗ ಕಿರುಚುತ್ತದೆ, ಜನ ಸೇರುತ್ತಾರೆ ಎಂದುಕೊಂಡ. ಮಗು ಅವನ ಕಿವಿಯನ್ನು ಹಿಡಿದು ಎಳೆಯಿತು. ಆಮೇಲೆ ಕತ್ತಿನ ಸಂದಿನಲ್ಲಿ ಮುಖವಿಟ್ಟು, ಜೊಲ್ಲು ಒರೆಸಿ, ಏನನ್ನೋ ಗೊಣಗಿಕೊಂಡಿತು.

ಆಗ ಫೋನು ರಿಂಗಾಯಿತು. ಇನ್ನೂ ಸಂಜೆಯಾಗಿರಲಿಲ್ಲ, ಈ ಹೊತ್ತಿನಲ್ಲಿ ಅವಳು ಎಂದೂ ಮಾಡಿದವಳಲ್ಲ. ಡಬ್ಬಿಯನ್ನು ಕಪಾಟಿಗಿಟ್ಟು, ಫೋನು ತೆಗೆದು ಮಗುವಿಲ್ಲದ ಕಡೆಯ ಕಿವಿಗೆ ಹಿಡಿದ.

"ಏನಿಲ್ಲ ರೀ," ಎಂದಳು ಹೆಂಡತಿ. "ಯಾಕೋ ಮಾಡೋಣ ಅನ್ನಿಸ್ತು. ಎಲ್ಲಿದೀರಿ?"

"ಅಂಗಡೀಲಿ."

ಮಗು ಮತ್ತೆ ಗೊಣಗಿತು.

"ಮಗು ಅಲ್ವಾ ಅದು?"

"ಹೂಂ."

"ನಿಮ್ಮ ಹತ್ರಾನೇ ಇದ್ಯಾ?"

"ಹೆಗಲ ಮೇಲಿದೆ ಕಣೇ."

ಯಾರ ಮಗು ಎಂದು ಕೇಳುತ್ತಾಳೆ ಎಂದು ಕಾದ. ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಳ್ಳತೊಡಗಿದ. ಅವಳು ಅದನ್ನು ಕೇಳಲಿಲ್ಲ.

"ಭಾರ ಇದ್ಯಾ?" ಎಂದಳು. ಅವಳ ದನಿ ತುಂಬ ಸಣ್ಣಗಾಗಿತ್ತು.

"ಇದೆ. ಗುಂಡ್‌ಗುಂಡಗೆ, ಭಾರವಾಗಿದೆ." ಕಪಾಟಿನ ಡಬ್ಬಿಗಳೆಲ್ಲ ಕಣ್ಣೀರಿನಲ್ಲಿ ಒಂದಕ್ಕೊಂದು ಅಂಟಿಕೊಂಡವು.

"ಸ್ವಲ್ಪ ಫೋನು ಅದರ ಹತ್ರ ಹಿಡೀರಿ."

ಎಣ್ಣೆಯ ಗುಂಪಿನ ಆಚೆಯಿಂದ, "ಸಿಕ್ತು ರೀ, ಎರಡು ಡಬ್ಬಿ ಸಿಕ್ತು!" ಎಂದು ಹೆಂಗಸಿನ ಕೂಗು ಕೇಳಿಸಿತು. ಉಬ್ಬುಗನ್ನಡಿಯಲ್ಲಿ ಬಾಗಿಲು ತೆರೆದುಕೊಂಡಿತು. ಒಬ್ಬಾತ ಒಳಗೆ ಬಂದು, ಬೆವರು ಒರೆಸಿಕೊಂಡು, ಯಾರನ್ನೋ ಹುಡುಕುವವನ ಹಾಗೆ ಅತ್ತಿತ್ತ ನೋಡಿದ. ಬಿಲ್ಲಿನ ಹುಡುಗಿ ಯಂತ್ರದ ಮೇಲಿನ ಕೈ ಹಾಗೇ ನಿಲ್ಲಿಸಿ ಆ ಬಂದವನನ್ನೇ ನೋಡುತ್ತ ಎದ್ದು ನಿಂತಳು. ಆಮೇಲೆ ಅವಳ ಮುಖ ನಿಧಾನವಾಗಿ ಹಾಲಿನ ಪುಡಿಯ ಕಪಾಟಿನ ಕಡೆಗೆ ಹೊರಳಿತು.

ಅವನು ಕಪಾಟಿಗೆ ಇನ್ನಷ್ಟು ಒತ್ತಿ ನಿಂತು ಫೋನನ್ನು ಮಗುವಿನ ಕಿವಿಗೆ ಹಿಡಿದ. ದೂರದ ಊರಿನಿಂದ, ನೂಲಿನಷ್ಟು ತೆಳ್ಳಗೆ, ಹೆಂಡತಿ ಜೋಗುಳ ಹಾಡತೊಡಗಿದಳು. ಮಗು ಕಿವಿ ಎಳೆಯುವುದನ್ನು ಬಿಟ್ಟು ಕೇಳಿಸಿಕೊಂಡಿತು. ಹೆಜ್ಜೆಗಳು ಸಾಲಿನ ತುದಿಗೆ ಬರುತ್ತಿದ್ದಂತೆ ಅದು ಬಾಯಿ ಅಗಲಿಸಿ ಆಕಳಿಸಿ, ಅವನ ಹೆಗಲ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತು.