ಹತ್ತು ಸೂಜಿ

"ಏಳು ದಿನಕ್ಕೆ ಏಳು ಸೂಜಿ ತಾನೇ? ಇಲ್ಲಿ ಹತ್ತಿದೆ! ಇನ್ನು ಮೂರು ಯಾರಿಗೆ ಚುಚ್ಚಿದೆ, ಹೇಳಕ್ಕ!" ಎಂದು ಕಿರಿಯ ಸೊಸೆ ಓರಗಿತ್ತಿಯತ್ತ ತಿರುಗಿದಳು.

ಕಿರಿಯವಳಿಗೆ ಕೊಟ್ಟಿದ್ದ ಡಬ್ಬಿಯಲ್ಲಿ ವಾಪಸು ತಂದ ಬಳಸಿದ ಸೂಜಿಗಳನ್ನು ನರ್ಸಮ್ಮ ತಟ್ಟೆಗೆ ಸುರಿದು ಎರಡು ಸಲ ಎಣಿಸಿದ್ದಳು. ಹಿರಿಯವಳು ಟೋಕನ್ ಚೀಟಿ ಮಡಚುತ್ತ ಕೂತಿದ್ದಳು.

ಒಂದೇ ಮನೆಯ ಇಬ್ಬರು ಸೊಸೆಯರು, ಇಬ್ಬರಿಗೂ ಮಕ್ಕಳಾಗಿರಲಿಲ್ಲ. ಅಂಡಾಣು ಬೆಳೆಸುವ ಎರಡು ಹಾರ್ಮೋನುಗಳಲ್ಲಿ ಯಾವುದು ಮೇಲೆಂದು ಆಸ್ಪತ್ರೆಯವರು ಹೋಲಿಸಿ ನೋಡುತ್ತಿದ್ದರು. ಇಬ್ಬರೂ ಹೆಸರು ಕೊಟ್ಟರು. ಯಾರಿಗೆ ಯಾವುದೆಂದು ಲಕೋಟೆ ಎತ್ತಿದಾಗ ಕಿರಿಯವಳಿಗೆ ಪೆನ್ನಿನಂಥ ಸಿರಿಂಜಿನ ಹೊಸ ಔಷಧಿ ಬಂತು, ಹಿರಿಯವಳಿಗೆ ನೀರಲ್ಲಿ ಕಲಸುವ ಹಳೇ ಪುಡಿ. ಕಿರಿಯವಳಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಹೊಲಿಗೆ ಕೆಲಸದ ಹಿರಿಯವಳೇ ದಿನಾ ಸಂಜೆ ಏಳಕ್ಕೆ ಚುಚ್ಚುತ್ತಿದ್ದಳು. "ಕಣ್ಮುಚ್ಕೋ. ಗುಂಡಿ ಹಾಕೋಷ್ಟು ಹೊತ್ತು, ಅಷ್ಟೇ." ಕಿರಿಯವಳು ಕಣ್ಣು ಮುಚ್ಚುತ್ತಿದ್ದಳು.

ನಾಲ್ಕನೇ ದಿನದ ಸ್ಕ್ಯಾನಿನಲ್ಲಿ ಕಿರಿಯವಳಿಗೆ ಹನ್ನೊಂದು ಅಂಡಾಣು ಕೋಶಗಳು ಕಂಡಿದ್ದವು, ಹಿರಿಯವಳಿಗೆ ಎರಡು. ಇವತ್ತು ನೋಡಿದರೆ ಆ ಹನ್ನೊಂದೂ ಬೆಳೆಯದೆ ನಿಂತಿದ್ದವು.

"ಒಂಚೂರು ಕಣೇ," ಎಂದಳು ಹಿರಿಯವಳು ಕೊನೆಗೆ. "ಸ್ಕ್ಯಾನ್ ಆದ್ಮೇಲೆ ಮೂರು ದಿನ ನಿನ್ನ ಔಷಧೀಲಿ ಮೂರನೇ ಒಂದು ಪಾಲು ಉಳಿಸಿ ನಾನು ಚುಚ್ಕೊಂಡೆ. ನಿಂಗೆ ಹನ್ನೊಂದಿತ್ತಲ್ಲ. ನನ್ನ ಪುಡೀಲಿ ಏನೂ ಆಗ್ತಿರ್ಲಿಲ್ಲ."

ನರ್ಸಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ತಾಯಿ! ಯಾವುದು ಮೇಲು ಅಂತ ನಮಗೇ ಗೊತ್ತಿಲ್ಲ, ಅದಕ್ಕೇ ಅಲ್ವಾ ಈ ಪರೀಕ್ಷೆ? ಇವಳಿಗೆ ಇಪ್ಪತ್ತೆಂಟು, ನಿಮಗೆ ನಲವತ್ತೊಂದು. ಆ ವಯಸ್ಸಿಗೆ ಎರಡು ಬಂದಿದ್ದೇ ದೊಡ್ಡದು. ಪರೀಕ್ಷೆಯಿಂದ ಇಬ್ಬರ ಹೆಸರೂ ಹೋಯ್ತು. ಚಿಕಿತ್ಸೆ ಮಾತ್ರ ಬಿಡಬೇಡಿ."

"ಕೇಳಿಸ್ತಾ?" ಕಿರಿಯವಳು ಕಿರುಚಿದಳು. "ಒಣಗಿದ ಹೊಟ್ಟೆಗೆ ನನ್ನ ಔಷಧಿ ಸುರ್ಕೊಂಡ್ಯಲ್ಲೇ!"

ಹಿರಿಯವಳು ಎದ್ದಳು. ಮಡಚಿದ ಚೀಟಿಯನ್ನು ಮೇಜಿನ ಮೇಲಿಟ್ಟಳು. "ಇನ್ನು ಮೂರು ದಿನದ ಸೂಜಿ ಇದೆ. ಪೂರ್ತಿ ತಗೋ," ಎಂದು ಹೊರಗೆ ನಡೆದಳು. ಡಾಕ್ಟರು ಅವಳ ನಂಬರನ್ನು ಎರಡು ಸಲ ಕೂಗಿಸಿದರು.

ಸಂಜೆಯಾದರೂ ಅವಳು ಮನೆಗೆ ಬರಲಿಲ್ಲ. ಹಿರಿಯವಳ ಗಂಡ ಅವಳ ಅಣ್ಣನಿಗೆ ಫೋನ್ ಹಚ್ಚಿದ, ಅಲ್ಲಿಗೂ ಹೋಗಿರಲಿಲ್ಲ.

ಏಳು ಹೊಡೆಯಿತು. ಫ್ರಿಜ್ಜಿನ ಬಾಗಿಲಲ್ಲಿ ಹಿರಿಯವಳ ಪುಡಿಯ ಮೂರು ಸೀಸೆಗಳು ಹಾಗೇ ಇದ್ದವು. ಕಿರಿಯವಳು ಪೆನ್ನು ತೆಗೆದು, ಟಿಕ್ ಟಿಕ್ ಎಂದು ತಿರುಗಿಸಿ, ಪೂರ್ತಿ ಅಳತೆ ಬಂತೇ ಎಂದು ಮೊದಲ ಸಲ ತಾನೇ ನೋಡಿದಳು. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ ಚರ್ಮ ಹಿಡಿದಳು. ಆಮೇಲೆ ರೂಢಿಯಂತೆ ಕಣ್ಣು ಮುಚ್ಚಿ ಕೂತಳು. ಗಂಟೆ ಏಳೂ ಹತ್ತಾದರೂ ಪೆನ್ನು ಹಿಡಿದು ಹಾಗೇ ಕೂತಿದ್ದಳು.