ಏಳು ದಿನ ತೊಳೆಯದ ಕಾಲುಚೀಲ

ನಮ್ಮ ಕಾರ್ಖಾನೆಯಲ್ಲಿ ಕಾಲುಚೀಲ ಹೆಣೆಯುವವರು ನಲವತ್ತು ಜನ. ಅದನ್ನು ಹಾಕಿಕೊಂಡು ಓಡುವುದಕ್ಕೆ ಸಂಬಳ ಪಡೆಯುವವಳು ನಾನೊಬ್ಬಳೇ. ಬೆಳಿಗ್ಗೆ ಎಂಟು ಕಿಲೋಮೀಟರ್ ಓಟ, ಆಮೇಲೆ ಕೆಲಸಕ್ಕೆ ಸೈಕಲ್. ಬೆವರಿದರೂ ನಾರುವುದಿಲ್ಲ ಎನ್ನುವ, ಹಗುರವಾದ ಮೆರಿನೋ ಕುರಿಯ ಉಣ್ಣೆಯ ಹೊಸ ಜೊತೆ ಬಂದಿತ್ತು. ಏಳು ದಿನ ತೊಳೆಯದೆ ಹಾಕಬೇಕು, ಎಂಟನೆಯ ದಿನ ಮೂವರು ಮೂಸಿ ಅಂಕ ಕೊಡಬೇಕು. ವಾಸನೆಯೇ ಇಲ್ಲದಿದ್ದರೆ ಸೊನ್ನೆ, ತಲೆ ತಿರುಗಿದರೆ ಐದು. ಎರಡು ದಾಟಿದರೆ ಮಾಲು ಹೊರಡುವುದಿಲ್ಲ.

ನನ್ನ ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂಬುದೂ ಆ ಎಂಟನೆಯ ದಿನವೇ ತೀರ್ಮಾನವಾಗಬೇಕಿತ್ತು. ನನಗಿಂತ ಮುಂಚೆ ಇದ್ದವನು ಓಡದೆಯೇ ಓಡಿದೆ ಎಂದು ಪುಸ್ತಕದಲ್ಲಿ ಬರೆದು, ಸಿಕ್ಕಿಬಿದ್ದು ಮನೆ ಸೇರಿದ್ದ.

ಏಳನೆಯ ದಿನ ಸಂಜೆ ಸ್ನಾನ ಮುಗಿಸಿ ಬಂದರೆ, ಬಾಲ್ಕನಿಯ ಹಗ್ಗದಲ್ಲಿ ಬಲಗಾಲಿನ ಚೀಲ ತೊಟ್ಟಿಕ್ಕುತ್ತಿತ್ತು.

"ಅಮ್ಮಾ! ಏನ್ ಮಾಡಿದೆ?"

"ತೊಳೆದೆ. ಹೆತ್ತ ತಪ್ಪಿಗೆ ಇನ್ನೇನ್ ಮಾಡ್ಲಿ? ಒಂದೇ ಸಿಕ್ತು. ಇನ್ನೊಂದು ಎಲ್ಲಿ ಬಿಸಾಕಿದೀಯ?"

"ತೊಳೀಬಾರದು ಅಂತ ಹೇಳಿರ್ಲಿಲ್ವಾ?"

"ನೀನೇನೋ ಹೇಳಿದ್ದೆ. ನಾನು ಸೋಮಾರಿ ನೆಪ ಅಂದ್ಕೊಂಡೆ. ನೀನೇನು ಕಮ್ಮಿ ನೆಪ ಹೇಳಿದೀಯಾ?"

ನಾನು ಹಗ್ಗದಿಂದ ಚೀಲ ತೆಗೆದು ನೀರು ಹಿಂಡಿದೆ.

"ಮುಖ ಯಾಕೆ ಹಂಗ್ ಮಾಡ್ತೀಯ? ಇನ್ನೊಂದನ್ನೂ ಕೊಡು, ತೊಳ್ದು ಹಾಕ್ತೀನಿ. ಎರಡಕ್ಕೂ ವಾಸನೆ ಇರಲ್ಲ. ಯಾರಿಗೆ ಗೊತ್ತಾಗುತ್ತೆ?"

ಕೊಡಲು ಹೊರಟೇಬಿಟ್ಟಿದ್ದೆ. ಎಡಗಾಲಿನದು ಬೂಟಿನೊಳಗೇ ಇತ್ತು. ಐವತ್ತಾರು ಕಿಲೋಮೀಟರ್ ಓಡಿದ್ದೆ, ಅದರಲ್ಲಿ ಎರಡು ದಿನ ಮಳೆಯಲ್ಲಿ. ಅಷ್ಟು ಓಡಿದ ಮೇಲೆ ಓಡದವನ ಸಾಲಿಗೆ ಸೇರುವುದು ಶುದ್ಧ ದಡ್ಡತನ ಅನಿಸಿತು. ಕೈ ಹಿಂದೆ ತೆಗೆದೆ.

ಮರುದಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಇವತ್ತೇ ವರದಿ ಹೋಗ್ಬೇಕು ಕಣೇ! ಇನ್ನೊಂದು ವಾರ ಎಲ್ಲಿಂದ ತರ್ಲಿ?" ಎಂದು ಗೊಣಗುತ್ತಲೇ ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿದರು. "ಎರಡನ್ನೂ ಮೂಸ್ಲಿ, ವ್ಯತ್ಯಾಸ ಗೊತ್ತಾಗುತ್ತೆ. ಮೂಸೋರ ಹತ್ರ ತುಟಿ ಪಿಟಕ್ ಅನ್ಬೇಡ."

ಬಣ್ಣದ ವಿಭಾಗದ ಅಕ್ಕ ಎಡಗಾಲಿನದನ್ನು ಮೂಸಿ, "ಅಷ್ಟೇನಿಲ್ಲ. ಒಂದು" ಎಂದರು. ಉಗ್ರಾಣದ ಅಣ್ಣನೂ ಒಂದೇ ಕೊಟ್ಟರು. ಲಾರಿ ಚಾಲಕ ಸೊನ್ನೆ ಕೊಟ್ಟ.

ಬಲಗಾಲಿನ ಡಬ್ಬಿ ತೆರೆದದ್ದೇ ಅಕ್ಕ ಮುಖ ತಿರುಗಿಸಿದರು. "ಅಯ್ಯೋ, ಈ ಕಾಲು ಯಾರನ್ನ ಮೆಚ್ಚಿಸೋಕೆ ಹೊರಟಿದೆ? ಅಂಗಡೀಲಿರೋ ಸೋಪೆಲ್ಲ ಇದರಲ್ಲೇ ಇದೆ. ನಾಲ್ಕು!"

ಉಗ್ರಾಣದ ಅಣ್ಣ ಮೂರು ಸಲ ಸೀನಿ ಐದು ಕೊಟ್ಟರು. ಚಾಲಕ ಇದಕ್ಕೂ ಸೊನ್ನೆ ಎಂದ.

"ನಿನಗೆ ಮೂಗಿದೆಯೇನೋ?"

"ಇದೆ ಅಕ್ಕಾ. ಎರಡು ದಿನದಿಂದ ನೆಗಡಿ."

ಅವನ ಅಂಕ ಹೊಡೆದು ಹಾಕಿ, ಉಳಿದದ್ದನ್ನು ಮೇಲ್ವಿಚಾರಕಿ ಇದ್ದದ್ದು ಇದ್ದ ಹಾಗೆ ಬರೆದರು: ಎಡಗಾಲು, ಏಳು ದಿನ ತೊಳೆದಿಲ್ಲ, ಒಂದು. ಬಲಗಾಲು, ಓಡಿದವಳ ತಾಯಿ ತೊಳೆದದ್ದು, ಲೆಕ್ಕಕ್ಕಿಲ್ಲ. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.

"ಸೋಮವಾರದಿಂದ ನೀನು ಕಾಯಂ. ನಿಮ್ಮಮ್ಮನ ಕೈಗೆ ಸಿಗದ ಹಾಗೆ ಒಂದು ಬೀಗ ತಗೋ."

ಮನೆಗೆ ಬಂದು ಹೇಳಿದರೆ ಅಮ್ಮ ಕೇಳಿದ್ದು ಒಂದೇ. "ನಾನು ತೊಳೆದದ್ದಕ್ಕೆ ಎಷ್ಟು ಬಂತು?"

"ನಾಲ್ಕು, ಐದು."

"ತೊಳೀದೆ ಇದ್ದದ್ದಕ್ಕೆ?"

"ಒಂದು."

"ನೋಡಿದ್ಯಾ!" ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಲು ಹೊರಟೇಬಿಟ್ಟರು. ನಾನು ತಡೆಯಲಿಲ್ಲ.