ಹತ್ತನೇ ಪಾಸ್

ಬೆಲ್ಲದ ಬಾಗೇವಾಡಿಯ ಬಸ್‌ಸ್ಟ್ಯಾಂಡಿನ ಕಟ್ಟೆ ಹತ್ತಿ, ವೀರಪ್ಪ ಸತ್ತ ತಮ್ಮನ ಫ್ಲೆಕ್ಸಿನ ಹಗ್ಗವನ್ನು ಕುಡಗೋಲಿನಿಂದ ಕೊಯ್ಯುತ್ತಿದ್ದ. ಕೆಳಗೆ ಮಗ ಈಶ್ವರ ಚಡಪಡಿಸುತ್ತಿದ್ದ.

"ಅಪ್ಪಾ, ತಲಿ ಗಿಲಿ ಕೆಟ್ಟೈತೇನ? ಮಂದಿ ನೋಡಾಕತ್ತೈತಿ. ಶ್ರದ್ಧಾಂಜಲಿ ಅಂತ ಬರಸೇನಿ, ಬೈಗಳಾ ಬರಸಿಲ್ಲ."

"ಬರದದ್ದು ಹಾಳಾಗ್ಲಿ. ಆ ಫೋಟೋ ಯಾರ ಕೊಟ್ರು ನಿನಗ?"

"ಕಾಕಾಂದು ಚಲೋ ಫೋಟೋ ಅದೊಂದ ಇತ್ತು."

ಫೋಟೋದಲ್ಲಿ ತಮ್ಮ ಕಾಶಿನಾಥ ಕರಿ ನಿಲುವಂಗಿ ತೊಟ್ಟು, ತಲೆಯ ಮೇಲೆ ಚೌಕ ಟೊಪ್ಪಿಗೆಯಿಟ್ಟು ನಗುತ್ತಿದ್ದ. ಗಣಿತದಲ್ಲಿ ಎಂ.ಎಸ್ಸಿ. ಪದವಿ ತಗೊಂಡ ದಿನದ ನಗು. ಹುಕ್ಕೇರಿಯ ಸರಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಚಾ, ಫೈಲು ಒಯ್ಯುವ ಸಿಪಾಯಿಯಾಗಿದ್ದು, ನಿನ್ನೆ ಅದರ ಮೆಟ್ಟಿಲಲ್ಲೇ ಎದೆ ಹಿಡಿದುಕೊಂಡು ಕುಸಿದವನಿಗೆ ಇಂಥ ಟೊಪ್ಪಿಗೆಯೊಂದು ಇತ್ತೆಂದು ಕಚೇರಿಯವರಿಗೆ ಗೊತ್ತಿರಲಿಲ್ಲ. ಗೊತ್ತಾಗಲೂ ಬಾರದು. ಅವರ ಜೀಪು ಹುಕ್ಕೇರಿ ಬಿಟ್ಟಿತೆಂದು ಫೋನು ಬಂದಿತ್ತು.

"ನಿನ್ನ ಕಾಕಾ ಸುಳ್ಳ ಬರದ ನೌಕರಿ ಹಿಡದಾನಂತ ಗೊತ್ತಾದ್ರ, ಅಂವಾ ಸತ್ತ ಮ್ಯಾಲೆ ಅವನ ಮಗಳ ಶಿವಾನಿಗೆ ಬರೂ ನೌಕರಿ ಬರ್ತೈತೇನೋ? ಲಗೂ ಮಡಚು."

* * *

ಗೋಕಾಕ, ಮೂಡಲಗಿ ಎಂದು ಪಾಠ ಹೇಳುವ ಕೆಲಸಕ್ಕಾಗಿ ಕಾಲೇಜುಗಳಿಗೆ ಅಲೆದು ಸಾಕಾಗಿ, ಕಾಶಿನಾಥ ಸಿಪಾಯಿ ಕೆಲಸ ಕೇಳಲು ಹೋಗಿದ್ದ. "ಇಷ್ಟ ಕಲತಾವ ನಮಗ ಚಾ ತಂದ ಕೊಡ್ತಿಯೇನ? ನಾಳಿ ಬಿಟ್ಟ ಓಡ್ತಿ" ಎಂದು ತಿರುಗಿ ಕಳಿಸಿದ್ದರು. ಮುಂದಿನ ವರ್ಷ ಹತ್ತನೆಯದರ ಅಂಕಪಟ್ಟಿಯೊಂದನ್ನೇ ಒಯ್ದ. ಉಳಿದವನ್ನು ಅಣ್ಣನ ಕೈಗಿಟ್ಟ.

"ಅಣ್ಣಾ, ಯಾರರೆ ಕೇಳಿದ್ರ ಏನಂತಿ?"

"ಹತ್ತನೇ ಪಾಸ್ ಅಂತೀನಿ."

"ಮತ್ತೊಮ್ಮಿ ಅನ್ನು."

ತಮ್ಮ ಕಲಿಯಲೆಂದು ಎರಡನೇ ಇಯತ್ತೆಗೇ ಸಾಲೆ ಬಿಟ್ಟು ದನ ಕಾಯಲು ಹೋದವನು ವೀರಪ್ಪ. ಅಂದು ಆ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ.

* * *

ಪಡಸಾಲೆಯಲ್ಲಿ ಕಾಶಿನಾಥನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ. ಭಜನೆಯವರು ತಾಳ ಹಾಕುತ್ತಿದ್ದರು. ಕಚೇರಿಯ ಹೆಡ್ ಕ್ಲಾರ್ಕ್ ಸಿದ್ರಾಯ ಹಾರ ಹಾಕಿ ಬಂದು ವೀರಪ್ಪನ ಪಕ್ಕದಲ್ಲಿ ಕುಳಿತ. ಅವನ ಕಣ್ಣು ಒದ್ದೆಯಾಗಿತ್ತು. ಸರಕಾರದವರ ಕಣ್ಣೀರನ್ನು ವೀರಪ್ಪ ನಂಬುವವನಲ್ಲ.

"ಎಷ್ಟ ಕಲತಿದ್ದ ರೀ, ನಮ್ಮ ಕಾಶಿನಾಥ?"

ಬಂತು, ಎಂದುಕೊಂಡ ವೀರಪ್ಪ. "ಹತ್ತನೇ ಪಾಸ್ ರೀ. ಅದೂ ಎರಡ ಸಲಾ ಕುಂತು."

"ಸಾಹೇಬ್ರು ಇಂಗ್ಲಿಷ್ ಆರ್ಡರ್ ತಪ್ಪ ಓದಿದ್ರ ಇಂವಾ ಬಾಗಲದಾಗ ನಿಂತು ಕೆಮ್ಮತಿದ್ದ ರೀ."

"ಕೆಮ್ಮ ಮೊದಲಿಂದ ಇತ್ತ್ರಿ. ತಂಬಾಕ. ಲೆಕ್ಕದಾಗಂತೂ ಅಂವಾ ಶುದ್ಧ ಕೋಣ."

ಹೆಣದ ಕಾಲ ಬಳಿ ಕುಳಿತಿದ್ದ ಕಾಶಿನಾಥನ ಹೆಂಡತಿ ಶಿವಗಂಗವ್ವ ತಲೆಯೆತ್ತಿದಳು. "ಬಾವಾರ, ಇವತ್ತೊಂದ ದಿನಾರೆ ಅವರನ್ನ ಬಿಡ್ರಿ."

ವೀರಪ್ಪ ಗೋಡೆಯ ಕಡೆ ನೋಡಲಿಲ್ಲ. ಅವ್ವನ ಹಿಂದೆ ಶಿವಾನಿ ಕುಳಿತಿದ್ದಳು. ಅಪ್ಪನಂತೆ ಅವಳದೂ ಎಂ.ಎಸ್ಸಿ.; ಗೋಕಾಕದ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಬಿಚ್ಚಿಸಿದ ಸೀರೆ ಮಡಚುವ ಕೆಲಸ. ಅವಳು ಅಳುವುದನ್ನು ನಿಲ್ಲಿಸಿ ದೊಡ್ಡಪ್ಪನನ್ನೇ ದಿಟ್ಟಿಸುತ್ತಿದ್ದಳು.

* * *

ಹೊಲದಲ್ಲಿ ತೋಡಿದ ಕುಣಿಯೊಳಗೆ ಕಾಶಿನಾಥನನ್ನು ಕೂಡಿಸಿದರು. ಒಬ್ಬೊಬ್ಬರೇ ವಿಭೂತಿ, ಪತ್ರಿ ಹಾಕಿದರು. ಮಣ್ಣು ಮುಚ್ಚಿದ ಮೇಲೆ ಸಿದ್ರಾಯ ಬದುವಿನ ಮೇಲೆ ಕುಳಿತು ಚೀಲದಿಂದ ಶಿವಾನಿಯ ನೌಕರಿಯ ಅರ್ಜಿ ತೆಗೆದ.

"ತಪ್ಪ ತಿಳೀಬ್ಯಾಡ್ರಿ, ಇಂಥಾ ಹೊತ್ತಿನ್ಯಾಗ. ಸಾಹೇಬ್ರು ನಾಳಿ ವರ್ಗಾ ಆಗಿ ಹೊಂಟಾರ. ಅವರಿದ್ದಾಗ ಶಿಫಾರಸು ಆಗಿಬಿಡ್ಲಿ ಅಂತ ತಂದೇನಿ. ಮಗಳ ಎಷ್ಟ ಕಲತಾಳ್ರಿ? ಡಿಗ್ರಿ ಆಗಿದ್ರ ಹೇಳ್ರಿ, ನನ್ನಂಗ ಕಾರಕೂನಕಿಗೆ ಬರಿಯೂಣು. ಇಲ್ಲಾಂದ್ರ ತಂದಿ ಕುಂತ ಸ್ಟೂಲ ಅಕಿಗೂ."

ಗಾಳಕ್ಕೆ ಹುಳ ಸಿಕ್ಕಿಸುತ್ತಿದ್ದಾನೆ ಎಂದು ವೀರಪ್ಪನಿಗೆ ಅನಿಸಿತು. ಮಗಳದು ಎಂ.ಎಸ್ಸಿ. ಅಂದರೆ ಮನೆಯಲ್ಲಿ ಕಲಿಸಿದವರು ಯಾರು ಅನ್ನುತ್ತಾನೆ. ಒಂದು ಎಳೆ ಜಗ್ಗಿದರೆ ಎಲ್ಲ ಬಿಚ್ಚುತ್ತದೆ.

"ಹತ್ತನೇ ಪಾಸ್" ಎಂದ.

ಸಿದ್ರಾಯ ಬರೆಯಲಿಲ್ಲ. "ನೀ ಹೇಳವಾ" ಎಂದು ಬದುವಿನ ಹತ್ತಿರ ನಿಂತಿದ್ದ ಶಿವಾನಿಯ ಕಡೆ ತಿರುಗಿದ.

ಅವಳು ದೊಡ್ಡಪ್ಪನ ಮುಖ ನೋಡಿದಳು. ಅವನು ಕಣ್ಣಲ್ಲೇ ಬೇಡ ಎಂದ. ಅವಳು ಅರ್ಜಿಯನ್ನು ಎಳೆದುಕೊಂಡು, ಪೆನ್ನಿಗೆ ಕೈ ಚಾಚಿದಳು.

ಅಕ್ಷರ ಕೂಡಿಸಿ ಓದಲು ವೀರಪ್ಪನಿಗೆ ಬಾರದು. ಪೆನ್ನನ್ನೇ ನೋಡುತ್ತ ನಿಂತ. ಹತ್ತನೇ ಪಾಸ್ ಎಂಬುದು ಎರಡು ಮಾತು. ಇಷ್ಟು ಹೊತ್ತಿಗೆ ಮುಗಿಯಬೇಕಿತ್ತು. ಬರೀ ತನ್ನ ಎಂ.ಎಸ್ಸಿ. ಬರೆದಿದ್ದರೂ ಮುಗಿಯಬೇಕಿತ್ತು. ಅವಳು ಒತ್ತಿ ಹಿಡಿದ ಕಡೆ ಹಾಳೆಗೆ ಬೆರಳಿನ ವಿಭೂತಿ ಹತ್ತಿತ್ತು. ಪೆನ್ನು ಗೆರೆಯ ಕೊನೆ ಮುಟ್ಟಿತು, ನಿಲ್ಲಲಿಲ್ಲ, ಕೆಳಗಿನ ಗೆರೆಗೆ ಇಳಿಯಿತು.